ಗಿರಿಜ ಚಿಕ್ಕಿ ಒಲೆ ಕೇಳಿದ ಮಳೆಗಾಲ

ನಮ್ಮ ಹೈಸ್ಕೂಲಿನ ಲೈಬ್ರರಿ ನನ್ನ ಪಾಲಿಗೆ ಬಂದದ್ದು ನನಗೆ ಪುಸ್ತಕದ ಮೇಲೆ ಪ್ರೀತಿ ಇದೆ ಎಂಬ ಕಾರಣಕ್ಕಲ್ಲ. ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಕಾರಣಕ್ಕೆ. ಕುಂದಾಪುರದಿಂದ ಬೈಂದೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವವಳು ನಾನು. ಬಸ್‌ಸ್ಟ್ಯಾಂಡಿಗೆ ಅರ್ಧ ದಾರಿ ಬಂದವಳು ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮನೆಗೆ ತಿರುಗಿ ಓಡುವುದು, ಬಂದ್ ಮಾಡಿಯೇ ಇರುವುದನ್ನು ಕಂಡು ಪೆಚ್ಚಾಗುವುದು, ಆ ಗಡಿಬಿಡಿಯಲ್ಲಿ ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಹೊಸ ಸಂಶಯ ಹೊತ್ತು ಬಸ್ಸು ಹತ್ತುವುದು, ಇದು ನನ್ನ ನಿತ್ಯಪೂಜೆ. ಕಂಡಕ್ಟರನಿಗೂ ಅಭ್ಯಾಸವಾಗಿದೆ. “ಬೀಗ ಹಾಕಿದ್ರ್ಯಾ ಟೀಚರ್?” ಎಂದು ಕೇಳಿಯೇ ಟಿಕೇಟು ಹರಿಯುತ್ತಾನೆ.

ಕಳೆದ ಮಳೆಗಾಲ ಲೈಬ್ರರಿಯ ಕಪಾಟಿಗೆ ಗೆದ್ದಲು ಹಿಡಿಯಿತು. ಪುಸ್ತಕಗಳನ್ನೆಲ್ಲ ನೆಲಕ್ಕೆ ಸುರಿದುಕೊಂಡು, ಉಳಿಯುವುದು ಯಾವುದು ಹೋಗುವುದು ಯಾವುದು ಎಂದು ಬೇರೆ ಮಾಡುತ್ತ ಕೂತಿದ್ದಾಗ ತೆಳ್ಳಗಿನದೊಂದು ಮಕ್ಕಳ ಕಾದಂಬರಿ ಕೈಗೆ ಸಿಕ್ಕಿತು. ರಟ್ಟು ನನಗೆ ಗುರುತಿನದಲ್ಲ. ತೆರೆದು ಮೊದಲ ಸಾಲಿಗೆ ಕಣ್ಣು ಹಾಯಿಸಿದ್ದೇ ತಡ, ಆ ಕೋಣೆಯಲ್ಲೆಲ್ಲೂ ಇಲ್ಲದ ಹೊಗೆಸೊಪ್ಪಿನ ಘಾಟು ಮೂಗಿಗೆ ಹೊಡೆದು ಸೀನು ಬಂತು. ಗೆದ್ದಲಿನ ಮಣ್ಣಿನ ವಾಸನೆಯ ಪುಸ್ತಕಕ್ಕೆ ಬೀಡಿಯ ಸೀನು ಸೀನಿದವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಇದು ನಾವು ಓದಿದ ಪುಸ್ತಕ. ನಮ್ಮ ಕೈಗೆ ಬಂದಿದ್ದ ಪ್ರತಿಗೆ ರಟ್ಟೇ ಇರಲಿಲ್ಲ. ಹಾಗಾಗಿ ಅದರ ಹೆಸರೂ ಗೊತ್ತಿರಲಿಲ್ಲ, ಬರೆದವರ ಹೆಸರೂ ಗೊತ್ತಿರಲಿಲ್ಲ. ನಮ್ಮಲ್ಲಿ ಅದು ‘ಒಲೆ ಇಲ್ಲದ ಊರಿನ ಕತೆ’. ಉಳಿಯುವ ರಾಶಿಗೂ ಹಾಕದೆ, ಹೋಗುವ ರಾಶಿಗೂ ಹಾಕದೆ ಅದನ್ನು ಚೀಲಕ್ಕೆ ಹಾಕಿಕೊಂಡೆ. ಶಾಲೆಯ ಪುಸ್ತಕವನ್ನು ಹೀಗೆ ಒಯ್ಯಬಹುದೇ ಎಂದು ಮರವಂತೆಯವರೆಗೆ ಚಿಂತೆ ಮಾಡಿ, ಅಲ್ಲಿಂದ ಮುಂದೆ ಓದತೊಡಗಿದೆ.

ಅರವತ್ತರ ದಶಕದ ನಡುವಿನ ಒಂದು ವರ್ಷ ಅದು. ನಾನು ಏಳನೇ ಕ್ಲಾಸು. ಬ್ರಹ್ಮಾವರದಿಂದ ಕೊಕ್ಕರ್ಣೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಪ್ಪಯ್ಯ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಹಂಚು ಒಣಗುವುದಿಲ್ಲ, ಕೆಲಸ ಅರೆಬರೆ. ಅಕ್ಕಿಗೆ ಕಂಟ್ರೋಲು ಬಂದಿತ್ತು. ಸೊಸೈಟಿಯಲ್ಲಿ ಸಿಕ್ಕುತ್ತಿದ್ದ ಅಕ್ಕಿಗೆ ಗೋಣಿಚೀಲದ ರುಚಿ. ಅದೂ ಸಾಲದೆ ಬಂದು ಗಂಜಿಗೆ ಗೆಣಸು ಬೀಳುತ್ತಿತ್ತು, ಹಲಸಿನ ಬೀಜ ಬೀಳುತ್ತಿತ್ತು, ಕೊನೆಕೊನೆಗೆ ಬರೀ ನೀರೂ ಬೀಳುತ್ತಿತ್ತು. ಶಾಲೆಯಲ್ಲಿ ಮಧ್ಯಾಹ್ನ ಗಂಟೆ ಹೊಡೆದರೆ ಹಳದಿ ಹಿಟ್ಟಿನ ಉಪ್ಪಿಟ್ಟು ಕೊಡುತ್ತಿದ್ದರು. ಎಲ್ಲಿಯೋ ದೂರದ ದೇಶದಿಂದ ಹಡಗಿನಲ್ಲಿ ಬಂದ ಹಿಟ್ಟಂತೆ. ಆ ಉಪ್ಪಿಟ್ಟಿಗಾಗಿ ಜ್ವರ ಬಂದರೂ ಶಾಲೆಗೆ ಹೋಗುತ್ತಿದ್ದವಳು ನಾನು, ನನಗೆ ವಿದ್ಯೆಯ ಮೇಲೆ ಎಷ್ಟು ಆಸೆ ಎಂದು ಮೇಷ್ಟ್ರು ಹೊಗಳುತ್ತಿದ್ದರು.

ಮನೆಯ ಹೆಂಗಸರು ಬೀಡಿ ಕಟ್ಟುತ್ತಿದ್ದರು. ಅಬ್ಬಿ, ಅಂದರೆ ನನ್ನ ತಾಯಿ, ಅವರ ತಂಗಿ ಗಿರಿಜ ಚಿಕ್ಕಿ, ಆಚೆಮನೆಯ ಬಚ್ಚಕ್ಕ, ಇನ್ನೂ ಒಂದಿಬ್ಬರು. ಮಧ್ಯಾಹ್ನದ ಮೇಲೆ ಎಲ್ಲರೂ ನಮ್ಮ ಜಗಲಿಯಲ್ಲಿ ಗೋಡೆಗೊರಗಿ ಸಾಲಾಗಿ ಕೂರುವರು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪು ಹಾಕಿ ಸುರುಳಿ ಸುತ್ತುವುದು, ನೂಲು ಕಟ್ಟುವುದು, ಮಡಿಲ ಮೇಲಿನ ಗೆರಸೆಗೆ, ಅಂದರೆ ಮೊರಕ್ಕೆ, ಹಾಕುವುದು. ಕಣ್ಣು, ಕೈ, ಮಡಿಲು ಎಲ್ಲವೂ ಕೆಲಸಕ್ಕೆ ಸಿಕ್ಕಿಕೊಂಡಿರುತ್ತಿದ್ದವು, ಕಿವಿಯೊಂದು ಖಾಲಿ. ಆ ಖಾಲಿ ಕಿವಿಗೆ ನನ್ನನ್ನು ಇಟ್ಟುಕೊಂಡಿದ್ದರು. ಶಾಲೆಯಿಂದ ತಂದ ಪುಸ್ತಕವನ್ನು ನಾನು ಗಟ್ಟಿಯಾಗಿ ಓದಬೇಕು. ಓದುವಾಗ ನನ್ನಿಂದ ಬೀಡಿ ಕಟ್ಟಲಾಗುವುದಿಲ್ಲವಲ್ಲ, ಅದಕ್ಕೆ ಸಂಜೆ ಏಳುವ ಮೊದಲು ಎಲ್ಲರೂ ತಮ್ಮ ತಮ್ಮ ಗೆರಸೆಯಿಂದ ಒಂದೊಂದು ಹಿಡಿ ಬೀಡಿ ನನ್ನ ಗೆರಸೆಗೆ ಹಾಕುವರು. ಓದಿದವಳ ಪಾಲು ಅದು. ಕತೆ ಸಪ್ಪೆಯಾದ ದಿನ ಬಚ್ಚಕ್ಕನ ಹಿಡಿ ಸಣ್ಣದಾಗುತ್ತಿತ್ತು. ಇವತ್ತಿಗೂ ಕ್ಲಾಸಿನಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನವರು ಆಕಳಿಸಿದರೆ ನನಗೆ ನನ್ನ ಪಾಲು ಕಡಿಮೆಯಾಯಿತು ಎಂದೇ ಅನಿಸುವುದು.

ಒಲೆ ಇಲ್ಲದ ಊರಿನ ಕತೆಗೆ ಮಾತ್ರ ಯಾರ ಹಿಡಿಯೂ ಸಣ್ಣದಾಗಲಿಲ್ಲ. ಕತೆ ಹೀಗೆ: ಸುತ್ತ ಗೋಡೆ ಇರುವ ಒಂದು ಊರು. ನಡುವೆ ಒಂದೇ ಒಂದು ದೊಡ್ಡ ಅಡುಗೆಮನೆ, ಅದರ ತಲೆಯ ಮೇಲೆ ಗಂಟೆ. ಮನೆಗಳಲ್ಲಿ ಯಾರೂ ಒಲೆ ಹಾಕುವಂತಿಲ್ಲ. ಗಂಟೆಯಾದಾಗ ಎಲ್ಲರೂ ತಮ್ಮ ಬಟ್ಟಲು ಹಿಡಿದು ಸಾಲಿನಲ್ಲಿ ಹೋಗಿ ಕೂತು ಉಂಡು ಬರಬೇಕು. ಬಟ್ಟಲಿನ ಮೇಲೆ ಒಂದು ಚಿತ್ರ ಇರುತ್ತದೆ, ಆ ಚಿತ್ರವೇ ಅವರ ಹೆಸರು. ಕಥಾನಾಯಕನ ಬಟ್ಟಲಿನ ಮೇಲೆ ಗಾಲಿ. ಅವನ ಹೆಸರು ಗಾಲಿ. ಅವನಿಗಿರುವ ಕಾಯಿಲೆಯೆಂದರೆ ಗಂಟೆಯಾಗದ ಹೊತ್ತಿನಲ್ಲಿ ಹಸಿವಾಗುವುದು. ಹಾಗೆ ಹಸಿವಾದವರನ್ನು ಒಂದು ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿಂದ ವಾಪಸು ಬಂದವರಿಗೆ ಆಮೇಲೆ ಹಸಿವೆಂಬುದೇ ಆಗುವುದಿಲ್ಲ. ಗಂಟೆ ಹೊಡೆದರೆ ಉಣ್ಣುತ್ತಾರೆ, ಅಷ್ಟೆ.

ಬರೆದವರು ಮಕ್ಕಳು ಹೆದರಲಿ ಎಂದು ಬರೆದಿದ್ದಾರೆ. ನಾವು ಹೆದರಲಿಲ್ಲ. ಅದು ಹೆದರಿಸುವ ಊರು ಎಂಬುದೇ ನಮ್ಮ ಜಗಲಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಲೆ ಹಾಕುವಂತಿಲ್ಲ ಎಂಬಲ್ಲಿಗೆ ನಾನು ಬಂದಾಗ ಹೆಂಗಸರ ಕೈಗಳು ಒಟ್ಟಿಗೇ ನಿಂತವು. ಮಳೆಗಾಲದ ಹಸಿ ಸೌದೆಯನ್ನು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಬಂದು ಕೂತವರು ಅವರು. ಮತ್ತೊಮ್ಮೆ ಓದು ಎಂದರು. ಓದಿದೆ.

“ಆ ಊರಿಗ್ ಬಸ್ ಎಲ್ಲಿಂದ ಇತ್ತ್ ಅಂದ್ ಬರ್ದಿರಾ, ಕಾಣ್,” ಎಂದಳು ಬಚ್ಚಕ್ಕ. ಎಲ್ಲರೂ ನಕ್ಕರು. ಆದರೆ ನಗುವಾದ ಮೇಲೆ ಒಬ್ಬೊಬ್ಬರೂ ಒಂದೊಂದು ವಿವರ ಕೇಳತೊಡಗಿದರು. ದಿನಕ್ಕೆ ಎಷ್ಟು ಹೊತ್ತು ಊಟ ಹಾಕುತ್ತಾರೆ, ಅನ್ನವೋ ಗಂಜಿಯೋ, ಹೆಂಗಸರಿಗೂ ಗಂಡಸರಿಗೂ ಒಂದೇ ಅಳತೆಯೋ. ಒಂದೇ ಅಳತೆ ಎಂದು ನಾನು ಓದಿ ಹೇಳಿದಾಗ ಅಬ್ಬಿ ನಿಟ್ಟುಸಿರು ಬಿಟ್ಟರು. ನಾನಂತೂ ಗಾಲಿ ಎಂಬ ಆ ಹುಡುಗನಿಗೆ ತಲೆ ಸಮ ಇಲ್ಲ ಎಂದು ತೀರ್ಮಾನಿಸಿದ್ದೆ. ಗಂಟೆ ಹೊಡೆದರೆ ಊಟ ಸಿಗುವ ಊರಿನಲ್ಲಿ ಅವನಿಗೇನು ಧಾಡಿ?

ಗಿರಿಜ ಚಿಕ್ಕಿ ಒಬ್ಬಳೇ ಬೇರೆ ಪ್ರಶ್ನೆ ಕೇಳಿದ್ದು. “ಹೊತ್ತಲ್ದ ಹೊತ್ತಿಗೆ ಹಸಿವಾಪುದ್ ಕಾಯ್ಲಿಯಾ?” ಎಂದಳು. ಯಾರಿಗೂ ಅಂತಲ್ಲ, ಕೈಯಲ್ಲಿದ್ದ ಎಲೆಗೆ ಎಂಬಂತೆ. ಚಿಕ್ಕಿಯ ಬಗ್ಗೆ ಹೇಳಬೇಕು. ಇಪ್ಪತ್ತೆಂಟೋ ಮೂವತ್ತೋ ಆಗಿತ್ತು, ಮದುವೆಯಾಗಿರಲಿಲ್ಲ. ಜಾತಕದಲ್ಲಿ ಏನೋ ಇತ್ತಂತೆ. ಜೊತೆಗೆ ಮುಂದಿನ ಹಲ್ಲು ಸ್ವಲ್ಪ ಹೊರಗೆ. ಅಜ್ಜಿ ತೀರಿದ ಮೇಲೆ ಅಕ್ಕನ ಮನೆಗೆ, ಅಂದರೆ ನಮ್ಮಲ್ಲಿಗೆ ಬಂದವಳು. ಬೆಳಿಗ್ಗೆ ಒಲೆ ಹೊತ್ತಿಸುವುದು ಅವಳು, ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುವುದು ಅವಳು. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವುದೂ ಅವಳು. ಯಾರೂ ಅವಳಿಗೆ ಹಾಗೆ ಹೇಳಿದ್ದಲ್ಲ. ಬೇಡ ಎಂದೂ ಹೇಳಲಿಲ್ಲ.

ಈಗ ಮರವಂತೆ ದಾಟಿದ ಬಸ್ಸಿನಲ್ಲಿ, ಪಕ್ಕದವಳ ಕೊಡೆಯ ನೀರು ಸೀರೆಗೆ ಇಳಿಯುತ್ತಿರುವಾಗ ಅದೇ ಪುಟಗಳನ್ನು ಓದುತ್ತ ನನಗೆ ಕಂಡದ್ದು ಗಾಲಿಯಲ್ಲ. ಆ ಊರಿನ ಅಡುಗೆಮನೆಯಲ್ಲಿ ಬಟ್ಟಲು ಕಾಯುವ ಅಧಿಕಾರಿ. ಆಗ ಅವನನ್ನು ನಾನು ಯಕ್ಷಗಾನದ ರಕ್ಕಸನ ಹಾಗೆ ಕಲ್ಪಿಸಿಕೊಂಡಿದ್ದೆ, ಅವನ ಮಾತು ಬಂದಾಗ ದನಿ ದಪ್ಪ ಮಾಡಿ ಓದುತ್ತಿದ್ದೆ. ಈಗ ನೋಡಿದರೆ ಪಾಪದವನು. ತಲೆನೋವಿನವನು. ಎಲ್ಲರೂ ಉಂಡರೋ, ಯಾರಾದರೂ ಬಿಟ್ಟುಹೋದರೋ, ಗಂಟೆ ಒಂದು ಕ್ಷಣ ತಡವಾಯಿತೋ ಎಂದು ನಿದ್ದೆಗೆಟ್ಟವನು. ಅಡುಗೆಮನೆಯ ಬಾಗಿಲು ಹಾಕಿ ಅರ್ಧ ದಾರಿಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುತ್ತಾನೆ ಎಂದು ಒಂದು ಕಡೆ ಸಾಫಾಗಿ ಬರೆದಿದೆ. ಆ ಸಾಲು ಓದಿ ನಾನು ಪುಸ್ತಕ ಮಡಚಿ ಕಿಟಕಿಯಿಂದ ಹೊರಗೆ ನೋಡಿದೆ. ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗಳಿಗೆ ನಾನು ದಿನವೂ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಕೇಳುವುದು ಒಂದೇ ಮಾತು, ಊಟ ಆಯಿತಾ. ಹಸಿವಿತ್ತಾ ಎಂದು ಒಂದು ದಿನವೂ ಕೇಳಿದ್ದಿಲ್ಲ. ನಲವತ್ತೈದು ದಾಟಿದ ಮೇಲೆ ಮಕ್ಕಳ ಪುಸ್ತಕ ಓದಬಾರದು ಮಾರಾಯ್ರೆ, ನಾಯಕನ ಪಾತ್ರ ಕೈಬಿಟ್ಟು ಹೋಗಿರುತ್ತದೆ.

ಇರಲಿ. ಪುಸ್ತಕ ಇನ್ನೂ ಅರ್ಧ ಇದ್ದಾಗ ಚಿಕ್ಕಿಗೆ ಒಂದು ಸಂಬಂಧ ಬಂತು. ಗಂಡು ಸಾಲಿಗ್ರಾಮದ ಕಡೆಯವರು, ಹುಬ್ಬಳ್ಳಿಯಲ್ಲಿ ಹೋಟೆಲು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಹೋಟೆಲಿನ ಮೇಲಿನ ಅಂತಸ್ತಿನಲ್ಲೇ ಮನೆ. ಮಧ್ಯಸ್ಥಿಕೆಗೆ ಬಂದ ಮುದುಕರು ಉಳಿದದ್ದೆಲ್ಲ ಹೇಳಿ ಮುಗಿಸಿ, ಹೋಗುವಾಗ ಮೆಟ್ಟಲಲ್ಲಿ ನಿಂತು ನೆನಪು ಮಾಡಿಕೊಂಡವರಂತೆ, ಆ ಮನೆಯಲ್ಲಿ ಒಲೆ ಹೊತ್ತಿಸುವ ಕೆಲಸವೇ ಇಲ್ಲ, ಹೊತ್ತು ಹೊತ್ತಿಗೆ ಕೆಳಗಿನ ಹೋಟೆಲಿನಿಂದಲೇ ಮೇಲೆ ಬರುತ್ತದೆ ಎಂದರು.

ಜಗಲಿಗೆ ಗರ ಬಡಿದಂತಾಯಿತು. ಮುದುಕರ ಕೊಡೆ ಕಣ್ಣಿಗೆ ಮರೆಯಾಗುವುದನ್ನೇ ಕಾಯುತ್ತಿದ್ದ ಬಚ್ಚಕ್ಕ, ನಾವು ಕೇಳುತ್ತಿದ್ದ ಬಸ್ಸು ಮನೆಬಾಗಿಲಿಗೇ ಬಂತಲ್ಲೇ ಎಂದಳು. ಅಂದಿನಿಂದ ಕತೆಯ ಊರಿಗೂ ಹುಬ್ಬಳ್ಳಿಗೂ ನಮ್ಮ ಜಗಲಿಯಲ್ಲಿ ವ್ಯತ್ಯಾಸ ಉಳಿಯಲಿಲ್ಲ. ನಾನು ಓದುತ್ತಿದ್ದೆ, ಅವರು ಚಿಕ್ಕಿಯನ್ನು ಆ ಊರಿನೊಳಗೆ ನಡೆಸುತ್ತಿದ್ದರು. ನಿನ್ನ ಬಟ್ಟಲಿಗೆ ಯಾವ ಚಿತ್ರ ಬೇಕು ಎಂದು ಒಬ್ಬಳು, ಸಾಲಿನಲ್ಲಿ ನಿಂತಾಗ ನಮ್ಮನ್ನು ನೆನಪು ಮಾಡಿಕೊ ಎಂದು ಇನ್ನೊಬ್ಬಳು. ಚಿಕ್ಕಿ ನಗುತ್ತಿದ್ದಳು. ಹಲ್ಲು ಕಾಣದಂತೆ ತುಟಿ ಒತ್ತಿ ನಗುವುದು ಅವಳ ಕ್ರಮ. ಆದರೆ ಅಪ್ಪಯ್ಯ, ಅಬ್ಬಿ ಇಬ್ಬರಿಗೂ ಗೊತ್ತಿತ್ತು: ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲ. ಆ ವರ್ಷದಲ್ಲಿ ಒಂದು ಬಾಯಿ ಕಡಿಮೆಯಾದರೆ ಗಂಜಿಗೆ ಎಷ್ಟು ನೀರು ಕಡಿಮೆಯಾಗುತ್ತದೆ ಎಂಬುದೂ ಗೊತ್ತಿತ್ತು. ಅದನ್ನು ಅವರು ಬಾಯಿಬಿಟ್ಟು ಆಡಲಿಲ್ಲ. ನಾನೇ ಲೆಕ್ಕ ಹಾಕಿದೆ, ಹಾಕಿ ಮೂಲೆಯಲ್ಲಿ ಕೂತು ಅತ್ತೆ. ಯಾಕೆಂದರೆ ಚಿಕ್ಕಿ ಹೋದರೆ ಗುಡುಗಿಗೆ ಯಾರ ಸೆರಗು ಹಿಡಿದು ಮಲಗುವುದು ಎಂಬುದು ನನ್ನ ಚಿಂತೆ. ಚಿಂತೆಗೆ ನಾನು ಅಷ್ಟು ಸಣ್ಣ ಪ್ರಾಯಕ್ಕೇ ಸೇರಿದವಳು.

ಆಷಾಢ ಕಳೆಯುವುದಕ್ಕೂ ಕಾಯದೆ ಹೆಣ್ಣು ನೋಡಲು ಬಂದರು. ಹುಬ್ಬಳ್ಳಿಯವರು, ಅವರ ಅಕ್ಕ, ಮಧ್ಯಸ್ಥಿಕೆಯ ಮುದುಕರು. ಹುಬ್ಬಳ್ಳಿಯವರು ನಾನು ಎಣಿಸಿದ್ದಕ್ಕಿಂತ ತೆಳ್ಳಗಿದ್ದರು. ಹೋಟೆಲಿನವರೆಂದರೆ ಹೊಟ್ಟೆ ಇರುತ್ತದೆ ಎಂದು ನನ್ನ ಲೆಕ್ಕ. ಅವರು ಹೆಚ್ಚು ಮಾತಾಡಲಿಲ್ಲ, ಅಕ್ಕನೇ ಎಲ್ಲ ಹೇಳಿದರು. ಬೆಳಿಗ್ಗೆ ಏಳಕ್ಕೆ ತಿಂಡಿ ಮೇಲೆ ಬರುತ್ತದೆ, ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಹೋಟೆಲು ಮುಚ್ಚುವ ಮೊದಲು ಮತ್ತೊಮ್ಮೆ. ತಟ್ಟೆಯನ್ನು ಹೊರಗಿಟ್ಟರೆ ಆಯಿತು, ತೊಳೆಯುವುದೂ ಇಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಬಚ್ಚಕ್ಕ ನನ್ನ ತೋಳು ಚಿವುಟಿದಳು.

ಹೆಣ್ಣು ಮಾತಾಡುವ ಪದ್ಧತಿ ಇಲ್ಲ. ಕಾಫಿ ಕೊಟ್ಟು, ತಲೆ ತಗ್ಗಿಸಿ ನಿಂತು, ಒಳಗೆ ಹೋಗುವುದು. ಚಿಕ್ಕಿ ಕಾಫಿ ಕೊಟ್ಟಳು, ತಲೆ ತಗ್ಗಿಸಿದಳು, ಒಳಗೆ ಹೋಗಲಿಲ್ಲ.

“ನಡುವಂಗೆ ಹಸಿವಾದ್ರೆ?” ಎಂದಳು.

ಅಕ್ಕ ನಕ್ಕರು. ಒಳ್ಳೆಯ ಮನಸ್ಸಿನ ನಗು ಅದು, ನನಗೆ ನೆನಪಿದೆ. “ಹಸಿವಾಪುಕೆ ನಾವ್ ಬಿಟ್ರಲ್ದಾ,” ಎಂದರು.

ಕೂತವರೆಲ್ಲ ನಕ್ಕರು. ಅಬ್ಬಿಗೆ ಕಣ್ಣಲ್ಲಿ ನೀರೇ ಬಂತು. ತಂಗಿಗೆ ಇಂಥ ಮಾತಾಡುವ ಮನೆ ಸಿಕ್ಕಿತಲ್ಲ ಎಂದು. ಚಿಕ್ಕಿ ಮಾತ್ರ ನಗದೆ, ಎಲ್ಲರ ನಗು ಮುಗಿಯುವವರೆಗೆ ಕಾದು ಹೇಳಿದಳು:

“ನಂಗೆ ಚಿನ್ನ ಬ್ಯಾಡ, ಸೀರಿ ಬ್ಯಾಡ. ನಂಗೊಂದ್ ಒಲಿ ಬೇಕ್.”

ಅಪ್ಪಯ್ಯನ ಕೈಯ ಲೋಟ ಅಲ್ಲೇ ನಿಂತಿತು. ಮುದುಕರು ಕೆಮ್ಮಿದರು. ಅಕ್ಕನಿಗೆ ಅರ್ಥವಾಗಲಿಲ್ಲ. ಒಲೆ ಬೇಡ ಎಂಬ ಹೆಣ್ಣುಗಳನ್ನು ಕಂಡವರು ಅವರು, ಒಲೆ ಬೇಕೆಂದು ಕೇಳಿಕೊಳ್ಳುವವಳನ್ನು ಕಂಡಿರಲಿಲ್ಲ. ತಮ್ಮ ಹೋಟೆಲಿನ ಅಡುಗೆಗೆ ಇವಳೇನೋ ಕೊರತೆ ಹೇಳುತ್ತಿದ್ದಾಳೆ ಎಂದುಕೊಂಡರೋ ಏನೋ, ಮುಖ ಬಿಗಿಯಾಯಿತು. ಹುಬ್ಬಳ್ಳಿಯವರು ಚಿಕ್ಕಿಯನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ಹೇಳಿ ಕಳಿಸುತ್ತೇವೆ ಎಂದು ಮೂವರೂ ಮಳೆಯಲ್ಲಿ ಇಳಿದು ಹೋದರು.

ಅದರ ನಂತರದ ದಿನಗಳು ನಮ್ಮ ಮನೆಯಲ್ಲಿ ಯಾರಿಗೂ ಬೇಡ. ಬಯ್ಯಬಹುದಿತ್ತು, ಯಾರೂ ಬಯ್ಯಲಿಲ್ಲ. ಬಚ್ಚಕ್ಕನೊಬ್ಬಳೇ ನೇರ ಕೇಳಿದ್ದು. “ಎಂತ ಮಾರಾಯ್ತಿ, ನಿಂಗೆ ಮಂಡೆ ಸಮ ಇತ್ತಾ? ಕೂಕಂಡ್ ಉಂಬುದ್ ಬಿಟ್ಟ್ ಹೊಗೆ ಕೇಂತ್ಯಲ್ಲೆ.” ಚಿಕ್ಕಿ ಇನ್ನೊಂದು ಎಲೆ ಕತ್ತರಿಸಿದಳು. ಮಳೆ ಹಿಡಿದದ್ದು ಬಿಡಲಿಲ್ಲ. ಬೀಡಿ ಎಲೆಗೆ ಬೂಷ್ಟು ಬಂತು. ಕಟ್ಟಿದ ಬೀಡಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಒಣಗಿಸಬೇಕಾಯಿತು. ಮನೆಯಿಡೀ ಹೊಗೆಸೊಪ್ಪಿನ ಘಾಟು. ಗಂಜಿಗೂ ಅದೇ ವಾಸನೆ, ನನ್ನ ಜಡೆಗೂ ಅದೇ ವಾಸನೆ. ಹುಬ್ಬಳ್ಳಿಯಿಂದ ಮಾತಿಲ್ಲ. ಅಪ್ಪಯ್ಯ ದಿನವೂ ರಸ್ತೆಯವರೆಗೆ ಹೋಗಿ ಬಸ್ಸಿನಿಂದ ಇಳಿಯುವವರನ್ನು ನೋಡಿ, ಸುಮ್ಮನೆ ಎಲೆಯಡಿಕೆಗೆ ಹೋದವರಂತೆ ವಾಪಸು ಬರುತ್ತಿದ್ದರು.

ಆ ದಿನಗಳಲ್ಲೇ ನಾನು ಕತೆಯನ್ನು ಓದಿ ಮುಗಿಸಿದೆ. ಕೊನೆಯಲ್ಲಿ ಗಾಲಿ ಒಂದು ಹಿಡಿ ಧಾನ್ಯ ಕದ್ದು ಗೋಡೆ ಹಾರುತ್ತಾನೆ. ಹೊರಗೆ ಮೂರು ಕಲ್ಲು ಇಟ್ಟು ಬೆಂಕಿ ಮಾಡುತ್ತಾನೆ. ಹೊಗೆ ಮೇಲೇಳುತ್ತದೆ, ಗೋಡೆಯ ಮೇಲಿನ ಕಾವಲಿನವರಿಗೆ ಕಾಣುತ್ತದೆ, ಅವರು ಇಳಿದು ಬರುತ್ತಿದ್ದಾರೆ. ನೀರು ಇನ್ನೂ ಕುದಿದಿಲ್ಲ. ಅಷ್ಟಕ್ಕೇ ಪುಸ್ತಕ ಮುಗಿಯುತ್ತದೆ.

ಜಗಲಿಯಲ್ಲಿ ದೊಡ್ಡ ಗಲಾಟೆಯಾಯಿತು. ಬೆಂದಿತೋ ಇಲ್ಲವೋ ಹೇಳದೆ ಮುಗಿಸುವುದು ಎಂಥ ಕತೆ ಎಂದು ಬಚ್ಚಕ್ಕ. ಪುಟ ಹರಿದಿರಬೇಕು, ಸರಿಯಾಗಿ ನೋಡು ಎಂದು ಅಬ್ಬಿ. ಪುಟ ಹರಿದಿರಲಿಲ್ಲ, ‘ಮುಗಿಯಿತು’ ಎಂದು ಅಚ್ಚಾಗಿಯೇ ಇತ್ತು. ಹಸಿ ಕಟ್ಟಿಗೆ ಇಟ್ಟಿರಬೇಕು, ಒಣಗಿದ್ದಾದರೆ ಅಷ್ಟು ಹೊಗೆ ಬರುತ್ತಿರಲಿಲ್ಲ, ಸಿಕ್ಕಿಬೀಳುತ್ತಲೂ ಇರಲಿಲ್ಲ ಎಂದು ಇನ್ನೊಬ್ಬರು. ಸಂಜೆ ನನ್ನ ಪಾಲಿನ ಬೀಡಿ ಹಾಕುವಾಗ ಚಿಕ್ಕಿಯ ಹಿಡಿ ದೊಡ್ಡದಿತ್ತು.

ಇದೇ ಪುಸ್ತಕದಲ್ಲಿ ಗಾಲಿಯ ತಾಯಿಯೂ ಇದ್ದಾಳೆ. ಆಗ ಅವಳು ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ಎಲ್ಲೋ ಓದಿ ದಾಟಿಸಿದ್ದೆ. ಈ ಸಲ ಬಸ್ಸಿನಲ್ಲಿ ಅವಳು ಬಂದಲ್ಲಿ ನಾನು ಇಳಿಯುವ ಸ್ಟಾಪು ತಪ್ಪಿತು. ಮಗನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವಾಗುವುದು ಅವಳಿಗೆ ಮೊದಲೇ ಗೊತ್ತು. ಅಧಿಕಾರಿಗೆ ತಿಳಿಯಬಾರದೆಂದು ತನ್ನ ಬಟ್ಟಲಿನ ಅರ್ಧವನ್ನು ಸೆರಗಿನಲ್ಲಿ ತಂದು ಕೊಡುತ್ತಾಳೆ. ತಾನು ಅರ್ಧ ಉಂಡು ಉಂಡು ಕೊನೆಗೆ ಅವಳಿಗೂ ನಡುನಡುವೆ ಹಸಿವಾಗತೊಡಗುತ್ತದೆ. ಅವಳನ್ನೇ ಆಸ್ಪತ್ರೆಗೆ ಒಯ್ಯುತ್ತಾರೆ. ವಾಪಸು ಬಂದವಳು ಮಗನನ್ನು ಗುರುತು ಹಿಡಿಯುತ್ತಾಳೆ, ಮಾತಾಡಿಸುತ್ತಾಳೆ, ಎಲ್ಲ ಸರಿ ಇದ್ದಾಳೆ. ಅವನ ಹಸಿವು ಮಾತ್ರ ಅವಳಿಗೆ ಇನ್ನು ತಿಳಿಯುವುದಿಲ್ಲ. ಇದನ್ನು ಆ ಜಗಲಿಯಲ್ಲಿ ಗಟ್ಟಿಯಾಗಿ ಓದಿದ್ದು ನಾನೇ. ಹೆಂಗಸರು ಕೇಳಿಯೂ ಇದ್ದರು. ಅದರಲ್ಲಿ ಭಯಪಡುವಂಥದ್ದು ನಮಗ್ಯಾರಿಗೂ ಸಿಗದೇ ಹೋಯಿತಲ್ಲ ಎಂದು ಮುಂದಿನ ಸ್ಟಾಪಿನಿಂದ ಹಿಂದಕ್ಕೆ ನಡೆಯುತ್ತ ಯೋಚಿಸಿದೆ. ಅರ್ಧ ಉಣ್ಣುವ ತಾಯಿ ನಮ್ಮಲ್ಲಿ ಸುದ್ದಿಯಾಗಿರಲಿಲ್ಲ, ಅಷ್ಟೇ ಇರಬೇಕು.

ಆಷಾಢ ಕಳೆದು ಸೋಣೆ ತಿಂಗಳು ಹಿಡಿದ ಮೇಲೆ ಒಂದು ದಿನ, ಮಧ್ಯಾಹ್ನ ಮೂರರ ಹೊತ್ತು, ಹುಬ್ಬಳ್ಳಿಯವರು ಒಬ್ಬರೇ ಬಂದರು. ಅಕ್ಕನಿಲ್ಲ, ಮುದುಕರಿಲ್ಲ. ಪಂಚೆಯ ಅಂಚು ಕೆಸರಾಗಿತ್ತು. ಅಪ್ಪಯ್ಯ ಮನೆಯಲ್ಲಿರಲಿಲ್ಲ. ಹೆಂಗಸರು ಗಡಿಬಿಡಿಯಿಂದ ಗೆರಸೆ ಬದಿಗಿಟ್ಟು ಏಳಹೊರಟರೆ, ಬೇಡ ಕೂತುಕೊಳ್ಳಿ ಎಂದು ತಾವೇ ಜಗಲಿಯ ಅಂಚಿನಲ್ಲಿ ಕೂತರು. ಸಾಲಿಗ್ರಾಮದ ಮನೆಗೆ ಬಂದಿದ್ದೆ, ನಾಳೆ ವಾಪಸು, ಒಂದು ಮಾತು ಕೇಳಿ ಹೋಗೋಣ ಎಂದು ಬಂದೆ ಎಂದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಿಯನ್ನು ನೋಡದೆ, ಅಂಗಳದ ಮಳೆ ನೋಡುತ್ತ ಹೇಳಿದರು. ಮನೆ ಬಾಡಿಗೆಯದು, ಮಣ್ಣಿನ ಒಲೆ ಹಾಕಲು ಮಾಲಕರು ಬಿಡುವುದಿಲ್ಲ. ಸೀಮೆಎಣ್ಣೆ ಸ್ಟವ್ ಇಡಬಹುದು. ಅಕ್ಕನಿಗೆ ಇದು ಸರಿಕಂಡಿಲ್ಲ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಆಮೇಲೆ ಸ್ವಲ್ಪ ತಡೆದು,

“ಎಂತ ಬೇಯ್ಸ್ಕ್ ಅಂದ್ ನಿಮ್ಗೆ?” ಎಂದರು.

“ಈಗ ಹ್ಯಾಂಗ್ ಹೇಳುದ್?” ಎಂದಳು ಚಿಕ್ಕಿ. “ಹಸಿವಾದ್ ಮೇಲೆ ಗೊತ್ತಾಪುದ್ ಅದ್.”

ಅವರು ತಲೆಯಾಡಿಸಿದರು. ಮಳೆಗೆ ಹೇಳಿದಂತೆ ಹೇಳಿದರು: “ನಾನ್ ಹುಬ್ಬಳ್ಳಿಗ್ ಹೋದ್ ಮೇಲೆ, ಹೋಟ್ಲಿನ್ ಬೋರ್ಡಂಗೆ ಬರ್ದದ್ದ್ ಬಿಟ್ಟ್ ಬೇರೆ ಎಂತದೂ ಉಂಡದ್ದಿಲ್ಲೆ.”

ಚಿಕ್ಕಿ ಒಳಗೆ ಹೋದಳು. ಸೌದೆ ಮುರಿಯುವ ಸದ್ದು ಕೇಳಿತು, ಊದುವ ಸದ್ದು ಕೇಳಿತು, ಜಗಲಿಗೆ ಹೊಗೆ ಬಂತು. ಉಣ್ಣುವ ಹೊತ್ತೂ ಅಲ್ಲ, ಕಾಫಿ ಮಾಡುವ ಹೊತ್ತು ಕೂಡ ಅಲ್ಲ. ಆ ವರ್ಷದಲ್ಲಿ ರಾತ್ರಿಯ ಪಾಲಿನ ಅಕ್ಕಿಗೆ ಯಾರೂ ಮೂರು ಗಂಟೆಗೆ ಕೈ ಹಾಕುವುದಿಲ್ಲ. ಅಬ್ಬಿ ಏಳಲಿಲ್ಲ, ಬೇಡ ಎನ್ನಲಿಲ್ಲ, ಎಲೆ ಕತ್ತರಿಸುತ್ತಲೇ ಇದ್ದರು. ಅಷ್ಟು ಹೊತ್ತೂ ಹುಬ್ಬಳ್ಳಿಯವರು ಕೂತೇ ಇದ್ದರು. ಚಿಕ್ಕಿ ಬಿಸಿ ಗಂಜಿ, ಸುಟ್ಟ ಹಲಸಿನ ಬೀಜದ ಚಟ್ನಿ ತಂದಿಟ್ಟಳು. ಅವರು ಬಗ್ಗಿ ಉಂಡರು. ಇನ್ನಷ್ಟು ಬೇಕೇ ಎಂದು ಯಾರೂ ಕೇಳುವ ಮೊದಲೇ ಬಟ್ಟಲು ಮುಂದೆ ಹಿಡಿದರು.

ಮದುವೆಯಾಯಿತು. ದೀಪಾವಳಿ ಕಳೆದ ಮೇಲೆ, ಇದ್ದುದರಲ್ಲೇ. ಸ್ಟವ್ ಇಡುವ ಮಾತನ್ನು ಅವರು ತಪ್ಪಲಿಲ್ಲ, ಅವಳು ಅಲ್ಲಿಗೆ ಹೋದ ವಾರವೇ ತಂದರಂತೆ. ಇಲ್ಲಿಗೆ ಕತೆ ಮುಗಿಸಿದರೆ ಚೆನ್ನಾಗಿರುತ್ತಿತ್ತು, ನಾನೂ ಎಷ್ಟೋ ವರ್ಷ ಇಲ್ಲಿಗೇ ಮುಗಿಸಿ ಹೇಳುತ್ತಿದ್ದೆ. ಆದರೆ ಒಮ್ಮೆ ಮನೆಯ ಗಂಜಿ ಉಂಡ ಮನುಷ್ಯನಿಗೆ ಆಮೇಲೆ ಬೋರ್ಡಿನ ಊಟ ಇಳಿಯಲಿಲ್ಲ. ಮೊದಲು ಭಾನುವಾರಕ್ಕೊಮ್ಮೆ ಎಂದರು, ಆಮೇಲೆ ರಾತ್ರಿಗೆ ಮಾತ್ರ ಎಂದರು, ಆಮೇಲೆ ಮೂರೂ ಹೊತ್ತು. ಗಂಡನ ಅಕ್ಕ ಬಂದು ಉಳಿದರು. ಅವರಿಗೂ ತಮ್ಮನ ಹೋಟೆಲಿನ ಸೋಡಾ ಹಾಕಿದ ಅಡುಗೆ ಹೊಟ್ಟೆಗೆ ಹಿಡಿಯದಾಯಿತು. ಮಕ್ಕಳಾದವು. ಊರ ಕಡೆಯಿಂದ ಕೆಲಸ ಹುಡುಕಿ ಹೋದವರೆಲ್ಲ ಕೆಳಗೆ ಹೋಟೆಲು ಇದ್ದರೂ ಮೇಲೆ ಹತ್ತಿ, ಗಿರಿಜಕ್ಕನ ಗಂಜಿ ಉಂಡೇ ಇಳಿದರು. ಹಸಿವಾದಾಗ ಏನು ಬೇಯಿಸಬೇಕು ಎಂದು ಗೊತ್ತಾಗುತ್ತದೆ ಎಂದಿದ್ದಳಲ್ಲ, ಗೊತ್ತಾಗುತ್ತಿತ್ತು. ಯಾರ ಹಸಿವು ಎಂಬುದಷ್ಟೇ ಬದಲಾಗಿತ್ತು.

ಎಪ್ಪತ್ತರ ಆಚೆಗೋ ಈಚೆಗೋ, ನಾನು ಕಾಲೇಜಿಗೆ ಹೋಗುತ್ತಿದ್ದ ವರ್ಷ, ಮಳೆಗಾಲದಲ್ಲಿ ಅವಳು ಬಂದಳು. ಗಂಡ ಮಕ್ಕಳನ್ನು ಬಿಟ್ಟು ಒಬ್ಬಳೇ ಬಂದದ್ದು ಅದೇ ಮೊದಲು. ಬಸ್ಸಿನಿಂದ ಇಳಿದವಳ ಕೈ ನೋಡಿದೆ. ಬೀಡಿ ಎಲೆ ಕತ್ತರಿಸಿದ ಗೆರೆಗಳ ಮೇಲೆ ಎಣ್ಣೆ ಸಿಡಿದ ಚುಕ್ಕೆಗಳು. ಜಗಲಿಯಲ್ಲಿ ಅದೇ ಹೆಂಗಸರು, ಅದೇ ಗೋಡೆ. ಅಕ್ಕಿ ಸ್ವಲ್ಪ ಸುಧಾರಿಸಿತ್ತು, ಅವರ ಸೊಂಟ ಕೆಟ್ಟಿತ್ತು. ಬಚ್ಚಕ್ಕ ಬಿಡುತ್ತಾಳೆಯೇ, ನಿನ್ನ ಒಲೆ ಇಲ್ಲದ ಊರು ಹೇಗಿದೆ ಎಂದು ಕೇಳಿದಳು.

“ಒಲಿ ಬೇಕಂದ್ ಕೇಳ್ದವ್ಳ್ ನಾನೇ ಅಲ್ದಾ,” ಎಂದಳು ಚಿಕ್ಕಿ. “ಇನ್ ಯಾರಿಗೆ ಬೈಲಿ?”

ಬೇಸರವಾಗುತ್ತದಾ ಎಂದು ನಾನು ಕೇಳಿದೆ. ಕಾಲೇಜಿನವಳಲ್ಲವೇ, ನೇರವಾಗಿ ಕೇಳುವ ರೋಗ ಆಗಷ್ಟೇ ಅಂಟಿತ್ತು. ಚಿಕ್ಕಿ ನನ್ನನ್ನು ನೋಡಿ, ಬೆಳಿಗ್ಗೆ ಎದ್ದು ಸ್ಟವ್ ಪಂಪು ಮಾಡುವಾಗ ದಿನವೂ ಬೇಸರವಾಗುತ್ತದೆ ಎಂದಳು. ನೀರು ಕುದಿಯುವ ಹೊತ್ತಿಗೆ ಹೋಗುತ್ತದೆ ಎಂದಳು. ಆಮೇಲೆ ಗೋಡೆಗೊರಗಿದವಳು ಹಾಗೆಯೇ ಜಾರಿ, ತೋಳನ್ನೇ ತಲೆಗೆ ಕೊಟ್ಟು ಬರಿ ನೆಲದ ಮೇಲೆ ನಿದ್ದೆ ಹೋದಳು. ಊಟದ ಹೊತ್ತಾಯಿತು. ಬಚ್ಚಕ್ಕ ಎಬ್ಬಿಸಲು ಕೈ ಚಾಚಿದರೆ ಅಬ್ಬಿ ತಡೆದರು. ಉಳಿದವರು ಮೆಲ್ಲಗೆ ಒಳಗೆ ಹೋಗಿ ಉಂಡು ಬಂದು, ಅವಳ ಸುತ್ತ ಜಾಗ ಬಿಟ್ಟು ಕೂತು, ದನಿ ಇಳಿಸಿ ಮಾತಾಡುತ್ತ ಬೀಡಿ ಕಟ್ಟಿದರು. ನನಗೆ ಮಾತ್ರ ಚಿಂತೆ, ಅನ್ನ ಆರಿಹೋಗುತ್ತದಲ್ಲ ಎಂದು. ಆರಿದ್ದು ನಾವು ರಾತ್ರಿಗೆ ಉಣ್ಣುವ ಎಂದರು ಅಬ್ಬಿ.

ಮಳೆ ಒಂದು ಸುತ್ತು ಬಂದು ಹೋಗಿ, ಅಂಗಳದಲ್ಲಿ ಬಿಸಿಲು ಬಿದ್ದಾಗ ಚಿಕ್ಕಿ ಎದ್ದಳು. ಎಲ್ಲಿದ್ದೇನೆ ಎಂದು ತಿಳಿಯದವಳಂತೆ ಸ್ವಲ್ಪ ಹೊತ್ತು ಕೂತಳು. ಸೆರಗು ಸರಿ ಮಾಡಿಕೊಂಡಳು.

“ಅಕ್ಕಾ, ಹಸಿವಾತ್ತ್,” ಎಂದಳು.

ಎಂತ ಮಾಡಲಿ ಎಂದು ಕೇಳಿದರು ಅಬ್ಬಿ. ಚಿಕ್ಕಿ ಯೋಚಿಸಿದಳು. ಯೋಚಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಬ್ಬಿ ಅವಸರ ಮಾಡಲಿಲ್ಲ. ಮಡಿಲಿನ ಗೆರಸೆಯನ್ನು ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟುಕೊಂಡು ಎದ್ದು, ಅವಳು ಹೇಳುವುದಕ್ಕೆ ಮೊದಲೇ ಒಲೆ ಹೊತ್ತಿಸಲು ಒಳಗೆ ಹೋದರು.